ಹಳೆಯ ಭಯಾನಕ ಚಿತ್ರಗಳಲ್ಲಿ ಕೇಳಬೇಕಾದ ಮೌನ

ನಮ್ಮ ವಾಚನಾಲಯದ ತರುಣ ಮಿತ್ರರೊಬ್ಬರು ಈಚೆಗೆ 1931ರ ‘ಡ್ರಾಕುಲಾ’ ಚಿತ್ರವನ್ನು ನೋಡಿ, “ಭಯಕ್ಕೆ ಬದಲು ನಿದ್ದೆ ಬಂತು” ಎಂದರು. ಮೊದಲ ಸಲ ನನಗೂ ಹಾಗೆಯೇ ಆಗಿತ್ತು. ಆ ಚಿತ್ರವನ್ನು ಕಣ್ಣಿನಿಂದ ನೋಡಿದರೆ ಸಾಲದು, ಕಿವಿಗೊಟ್ಟೂ ನೋಡಬೇಕು.

ಮೂಕಿ ಚಿತ್ರಗಳ ಕಾಲದಲ್ಲಿ ಥಿಯೇಟರು ಮೂಕವಾಗಿರಲಿಲ್ಲ. ಪರದೆಯ ಬಳಿ ಕುಳಿತು ಪಶ್ಚಿಮದಲ್ಲಿ ಪಿಯಾನೊ, ನಮ್ಮಲ್ಲಿ ಹಾರ್ಮೋನಿಯಂ-ತಬಲಾ ನುಡಿಸುತ್ತಿದ್ದರು. 1927ರಲ್ಲಿ ‘ದಿ ಜಾಜ್ ಸಿಂಗರ್’ ಬಂದ ಮೇಲೆ ಮಾತಿನ ಚಿತ್ರಗಳ ಭರಾಟೆ ಮೊದಲಾಗಿ, ವಾದ್ಯಗಾರರು ಕೆಲಸ ಕಳೆದುಕೊಂಡರು. ಮಾತಿನೊಡನೆ ಸಂಗೀತವನ್ನು ಹದವಾಗಿ ಬೆರೆಸುವುದು ಆಗ ಕಷ್ಟದ ಕೆಲಸ. ವಾದ್ಯವೇ ಕಾಣದ ಕಡೆ ಸಂಗೀತ ಕೇಳಿಸಿದರೆ, ‘ಇದು ಎಲ್ಲಿಂದ ಬಂತು?’ ಎಂದು ಪ್ರೇಕ್ಷಕರು ಕೇಳಿಯಾರೆಂಬ ಅಂಜಿಕೆಯೂ ಇತ್ತು. ಹೀಗೆ ಮಾತು ಬಂದ ಮೇಲೆಯೇ ಚಿತ್ರಮಂದಿರಕ್ಕೆ ಮೌನವೂ ಬಂತು!

ಅದೇ 1931ರಲ್ಲಿ ಮುಂಬಯಿಯ ಮೆಜೆಸ್ಟಿಕ್ ಥಿಯೇಟರಿನಲ್ಲಿ ತೆರೆಕಂಡ ‘ಆಲಂ ಆರಾ’ದಲ್ಲಿ 7 ಹಾಡುಗಳಿದ್ದವು. ಅಂದಿನಿಂದ ಹಾಡಿಗೆ ಒಗ್ಗಿದ ನಮ್ಮ ಕಿವಿಗೆ ಆ ಮೌನ ಬರಿದೆನಿಸಿದರೆ ಆಶ್ಚರ್ಯವಿಲ್ಲ.

ಟಾಡ್ ಬ್ರೌನಿಂಗ್ ನಿರ್ದೇಶಿಸಿದ ‘ಡ್ರಾಕುಲಾ’ದಲ್ಲಿ ಆರಂಭದ ಹೆಸರುಗಳ ಜೊತೆಗೆ ಚೈಕೋವ್‌ಸ್ಕಿಯ ಸಂಗೀತವಿದೆ. ಆಮೇಲೆ, ಸಂಗೀತ ಸಭಾಂಗಣದ ದೃಶ್ಯವೊಂದನ್ನು ಬಿಟ್ಟರೆ, ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬಾಗಿಲು ಕಿರ್ರೆನ್ನುತ್ತದೆ, ತೋಳ ಊಳಿಡುತ್ತದೆ. ಹಂಗೇರಿಯ ನಟ ಬೇಲಾ ಲುಗೋಸಿ ಒಂದೊಂದೇ ಮಾತನ್ನು ತೂಗಿ ಆಡುತ್ತಾನೆ. ಎರಡು ಮಾತುಗಳ ನಡುವೆ ಆತ ಬಿಡುವ ಅಂತರದಲ್ಲಿಯೇ ಭಯವಿರುವುದು.

ಅದೇ ವರ್ಷ ಜೇಮ್ಸ್ ವ್ಹೇಲ್ ತೆಗೆದ ‘ಫ್ರಾಂಕನ್‌ಸ್ಟೈನ್’ನ ಮೊದಲ ದೃಶ್ಯದಲ್ಲಿ ಶವಪೆಟ್ಟಿಗೆಯ ಮೇಲೆ ಮಣ್ಣು ಬೀಳುವ ಸದ್ದನ್ನು ಗಮನಿಸಿ. ಬೋರಿಸ್ ಕಾರ್ಲಾಫ್ ಅಭಿನಯಿಸಿದ ವಿಕಾರಜೀವಿಗೆ ಇಡೀ ಚಿತ್ರದಲ್ಲಿ ಒಂದು ಮಾತೂ ಇಲ್ಲ. ಗುರುಗುಟ್ಟುವಿಕೆ, ನರಳಾಟ ಅಷ್ಟೆ. ಮೇಲಿನಿಂದ ಬಿದ್ದ ಬೆಳಕನ್ನು ಹಿಡಿಯಲು ಅದು ಕೈಚಾಚುವಾಗ ನಮ್ಮ ಭಯ ಕರಗಿ ಕನಿಕರವಾಗುತ್ತದೆ.

ಫಿಲಿಪ್ ಗ್ಲಾಸ್ 1990ರ ದಶಕದ ಕೊನೆಗೆ ‘ಡ್ರಾಕುಲಾ’ಕ್ಕೆ ಹೊಸ ಸಂಗೀತ ರಚಿಸಿದರು. ಅದೂ ಕೇಳತಕ್ಕದ್ದೇ, ಆದರೆ ಮೊದಲು ಮೂಲವನ್ನು ನೋಡಿರಿ.

ನಾನು ಗಿರಣಿಯ ಗುಮಾಸ್ತ. ಮಗ್ಗಗಳ ಗದ್ದಲಕ್ಕೆ ನಮ್ಮಲ್ಲಿ ಯಾರೂ ಬೆಚ್ಚುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಅವು ಥಟ್ಟನೆ ನಿಂತರೆ ಮಾತ್ರ, ಯಾರಿಗೆ ಏನಾಯಿತೋ ಎಂದು ಎಲ್ಲರೂ ತಲೆಯೆತ್ತುತ್ತೇವೆ. ಈ ಚಿತ್ರಗಳ ಭಯ ಅಂಥದು. ರಾತ್ರಿ ದೀಪವಾರಿಸಿ, ಕೈಯ ಫೋನನ್ನು ದೂರವಿಟ್ಟು ಕುಳಿತುಕೊಳ್ಳಿರಿ. ನಮ್ಮ ತರುಣ ಮಿತ್ರರಿಗೂ ಇದೇ ನನ್ನ ಅರಿಕೆ.