ಇದ್ದಿಲು ಹಾಕಿದರೆ ಮಣ್ಣಿನ ವಿಷ ಹೋಗುತ್ತದೆಯೇ?

ಕೆ.ಜಿ.ಎಫ್. ನೋಡಿದವರಿಗೆಲ್ಲ ಸೈನೈಡ್ ದಿಬ್ಬ ಗೊತ್ತು. ದೂರದಿಂದ ಬೆಟ್ಟದ ಹಾಗೆ ಕಾಣುತ್ತದೆ. ಅದು ಬೆಟ್ಟ ಅಲ್ಲ. ಗಣಿಯಿಂದ ಕಲ್ಲು ತಂದರು. ಹಿಟ್ಟಿನ ಹಾಗೆ ಪುಡಿ ಮಾಡಿದರು. ಸೈನೈಡ್ ಬೆರೆಸಿದ ನೀರು ಹಾಕಿ ಚಿನ್ನ ತೆಗೆದರು. ಉಳಿದ ಪುಡಿಯನ್ನು ಅಲ್ಲೇ ಸುರಿದರು. ಅದೇ ದಿಬ್ಬ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಕೆಲಸ ಶುರು ಮಾಡಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ದಿಬ್ಬಗಳು ಮಾತ್ರ ಉಳಿದವು. ಒಟ್ಟು 13 ದಿಬ್ಬ. ಅವುಗಳಲ್ಲಿ 3 ಕೋಟಿ ಟನ್ನಿಗೂ ಹೆಚ್ಚು ಪುಡಿ ಇದೆ. ಇವುಗಳಿಂದ ಮತ್ತೆ ಚಿನ್ನ ತೆಗೆಯಲು 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅಗೆಯುವಾಗ ಪುಡಿ ಇನ್ನೂ ಹೆಚ್ಚು ಹಾರಬಹುದು.

ಆಷಾಢದ ಗಾಳಿ ಬಂದರೆ ಸಾಕು. ಒಣಗಲು ಹಾಕಿದ ಬಟ್ಟೆ ಮೇಲೆ ಪುಡಿ. ಹಿತ್ತಲಿನ ಸೊಪ್ಪಿನ ಮೇಲೆ ಪುಡಿ. ಮಳೆ ಬಂದರೆ ಅದೇ ಪುಡಿ ಕೊಚ್ಚಿಕೊಂಡು ತಗ್ಗಿಗೆ ಹರಿಯುತ್ತದೆ.

ಜನ ಸೈನೈಡಿಗೆ ಹೆದರುತ್ತಾರೆ. ಸೈನೈಡ್ ಬಿಸಿಲು, ಗಾಳಿಗೆ ವರ್ಷಗಳಲ್ಲಿ ಬಹುಮಟ್ಟಿಗೆ ಕರಗಿ ಹೋಗುತ್ತದೆ. ಆದರೆ ಆ ಕಲ್ಲಿನಲ್ಲೇ ಸೀಸ, ತಾಮ್ರ, ಸತು, ಆರ್ಸೆನಿಕ್ ಇದ್ದವು. ಆರ್ಸೆನಿಕ್ ಅಂದರೆ ಪಾಷಾಣ. ಇವಕ್ಕೆ ಭಾರ ಲೋಹಗಳು ಎನ್ನುತ್ತಾರೆ. ಇವು ಕೊಳೆಯುವುದಿಲ್ಲ. ನೂರು ವರ್ಷ ಆದರೂ ಮಣ್ಣಿನಲ್ಲೇ ಇರುತ್ತವೆ. ಇವು ಹೆಚ್ಚಾದರೆ ಗಿಡದ ಬೇರು ಮೊಟಕಾಗುತ್ತದೆ, ಎಲೆ ಹಳದಿಯಾಗುತ್ತದೆ. ಗಿಡ ಚೆನ್ನಾಗಿ ಕಂಡರೂ ನಂಬುವ ಹಾಗಿಲ್ಲ. ಸೊಪ್ಪಿನ ಮೂಲಕ ಸೀಸ ನಮ್ಮ ಹೊಟ್ಟೆಗೆ ಬರಬಹುದು. ಚಿಕ್ಕ ಮಕ್ಕಳ ಮೆದುಳಿಗೆ ಸೀಸ ಬಹಳ ಕೆಟ್ಟದ್ದು.

ಇದಕ್ಕೆ ಇದ್ದಿಲು ಹಾಕಿ ಎಂದು ಈಗ ಹೇಳುತ್ತಾರೆ. ಅದಕ್ಕೆ ಬಯೋಚಾರ್ ಎಂಬ ಹೊಸ ಹೆಸರು. ಗಾಳಿ ಹೆಚ್ಚು ಆಡದಂತೆ ಸುಟ್ಟ ಕಡ್ಡಿಯ ಇದ್ದಿಲು, ಅಷ್ಟೇ. ಹಿಂದೆ ನೀರು ಸೋಸಲು ಮಡಕೆಯಲ್ಲಿ ಮರಳಿನ ಜೊತೆ ಇದ್ದಿಲು ಹಾಕುತ್ತಿದ್ದರು, ನೆನಪಿದೆಯಾ? ಕೆಲಸ ಅದೇ. ಇದ್ದಿಲಿನ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ಸೀಸ, ತಾಮ್ರ, ಸತು ಅದಕ್ಕೆ ಅಂಟಿಕೊಳ್ಳುತ್ತವೆ. ಇನ್ನೊಂದು ಕಾರಣವೂ ಇದೆ. ಹುಳಿ ಮಣ್ಣಿನಲ್ಲಿ ಈ ಲೋಹಗಳು ಬೇಗ ನೀರಿನಲ್ಲಿ ಕರಗುತ್ತವೆ. ಕರಗಿದ್ದನ್ನೇ ಬೇರು ಕುಡಿಯುವುದು. ಇದ್ದಿಲು ಮಣ್ಣಿನ ಹುಳಿ ಕಡಿಮೆ ಮಾಡುತ್ತದೆ. ಆಗ ಬೇರಿಗೆ ಸಿಗುವ ಲೋಹ ಕಡಿಮೆಯಾಗುತ್ತದೆ.

ಹಾಗಾದರೆ ವಿಷ ಹೋಯಿತೇ? ಇಲ್ಲ. ಅದು ಮಣ್ಣಿನಲ್ಲೇ ಇದೆ. ಕಟ್ಟಿಹಾಕಿದ ದನದ ಹಾಗೆ. ಹಗ್ಗ ಸಡಿಲವಾದರೆ ಮತ್ತೆ ಹೊರಡುತ್ತದೆ.

ಪಾಷಾಣದ ಮಾತೇ ಬೇರೆ. ಅದರ ಸ್ವಭಾವ ಸೀಸಕ್ಕೆ ಉಲ್ಟಾ. ಮಣ್ಣಿನ ಹುಳಿ ಕಡಿಮೆಯಾದರೆ ಅದು ಇನ್ನೂ ಸಡಿಲವಾಗಬಹುದು. ಆದ್ದರಿಂದ ದಿಬ್ಬದ ಬುಡದಲ್ಲಿ, ದಿಬ್ಬದ ನೀರು ಹರಿಯುವ ಕಡೆ, ಇದ್ದಿಲು ನಂಬಿ ಸೊಪ್ಪು ತರಕಾರಿ ಬೆಳೆಯಬೇಡಿ. ಅಲ್ಲಿ ಚೆಂಡು ಹೂ, ಕನಕಾಂಬರ ಹಾಕಿ. ಸೊಪ್ಪು ಬೇಕೇ ಬೇಕಾದರೆ ದೂರದ ಒಳ್ಳೆ ಮಣ್ಣು ತಂದು ಚೀಲದಲ್ಲಿ ತುಂಬಿ ಬೆಳೆಯಿರಿ. ದಿಬ್ಬದಿಂದ ದೂರ ಇರುವ ಹಿತ್ತಲಿಗೆ ಇದ್ದಿಲು ಒಳ್ಳೆಯದು. ಮಣ್ಣು ತೇವ ಹಿಡಿಯುತ್ತದೆ. ನಮ್ಮ ಮಳೆ ಕಡಿಮೆ ಜಿಲ್ಲೆಯಲ್ಲಿ ಅದೂ ಲಾಭವೇ.

ಮಾಡುವುದು ಹೇಗೆ? ಬಂಗಾರಪೇಟೆ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಹಿಪ್ಪುನೇರಳೆ ಕಡ್ಡಿ ರಾಶಿ ಬೀಳುತ್ತದೆ. ಅದು ಸಾಕು. ತೊಗರಿ ಕಡ್ಡಿಯೂ ಆಗುತ್ತದೆ. ಚೆನ್ನಾಗಿ ಒಣಗಿರಬೇಕು. ದಿಬ್ಬದ ಮೇಲೆ ಬೆಳೆದ ಜಾಲಿ ಬೇಡ, ಅದರಲ್ಲೂ ಲೋಹ ಇರಬಹುದು. ಬಣ್ಣ ಬಳಿದ ಮರ, ಪ್ಲಾಸ್ಟಿಕ್, ಟೈರು ಬೇಡವೇ ಬೇಡ.

ಮನೆಯಿಂದ ದೂರ, ಬಯಲಿನಲ್ಲಿ, ಮೇಲೆ ಅಗಲ ಕೆಳಗೆ ಕಿರಿದಾದ ಗುಂಡಿ ತೋಡಿ. ಮೊಣಕಾಲು ಆಳ ಸಾಕು. ಸ್ವಲ್ಪ ಕಡ್ಡಿ ಹಾಕಿ ಮೇಲಿನಿಂದ ಬೆಂಕಿ ಕೊಡಿ. ಕೆಂಡದ ಮೇಲೆ ಬಿಳಿ ಬೂದಿ ಕಾಣಿಸಿತು ಅಂದರೆ ಇನ್ನೊಂದು ಪದರ ಕಡ್ಡಿ ಹಾಕಿ. ಹೀಗೇ ಗುಂಡಿ ತುಂಬಿಸಿ. ಕೊನೆಗೆ ನೀರು ಸುರಿದು ಪೂರ್ತಿ ಆರಿಸಿ. ನೀರು ಹಾಕಲು ತಡ ಮಾಡಿದರೆ ಎಲ್ಲ ಬೂದಿಯಾಗುತ್ತದೆ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಇದ್ದಿಲನ್ನು ಒದ್ದೆ ಇರುವಾಗಲೇ ಕುಟ್ಟಿ. ಒಣಗಿದ ಮೇಲೆ ಕುಟ್ಟಿದರೆ ಪುಡಿ ಮೂಗಿಗೆ ಹೋಗುತ್ತದೆ. ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ 15 ದಿನ ಬಿಡಿ. ಬರೀ ಇದ್ದಿಲು ಹಾಕಿದರೆ ಗಿಡದ ಊಟವನ್ನೂ ಅದೇ ಹಿಡಿದುಕೊಳ್ಳುತ್ತದೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಪಾತಿಗೆ 1ರಿಂದ 2 ಕೆ.ಜಿ. ಇದ್ದಿಲು ಸಾಕು.

ಸೊಪ್ಪಿನ ಮೇಲೆ ಕೂತ ಪುಡಿಗೆ ಮಣ್ಣಿನ ಇದ್ದಿಲು ಏನೂ ಮಾಡಲಾರದು. ಅದನ್ನು ಮೂರು ನೀರಿನಲ್ಲಿ ತೊಳೆಯಲೇಬೇಕು. ಬದನೆ, ಹುರುಳಿಕಾಯಿಯಂಥ ಕಾಯಿಗಿಂತ ಸೊಪ್ಪಿನಲ್ಲೇ ಸೀಸ ಹೆಚ್ಚು ಸೇರುತ್ತದೆ.

ನಿಮ್ಮ ಹಿತ್ತಲಿನ ಮಣ್ಣಿನಲ್ಲಿ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಪರೀಕ್ಷೆಯೇ ಆಗಬೇಕು. ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಸಾಮಾನ್ಯ ಪರೀಕ್ಷೆಯಲ್ಲಿ ಗೊಬ್ಬರದ ಅಂಶ ನೋಡುತ್ತಾರೆ. ಸೀಸ, ಆರ್ಸೆನಿಕ್ ನೋಡುವುದಿಲ್ಲ. ಅದನ್ನು ಎಲ್ಲಿ ಪರೀಕ್ಷೆ ಮಾಡುತ್ತಾರೆ ಎಂದು ಅಲ್ಲಿ ಕೇಳಿ. ನಾಲ್ಕೈದು ಮನೆಯವರು ಸೇರಿ ಹೋದರೆ ಕೇಳಲು ಧೈರ್ಯವೂ ಬರುತ್ತದೆ. ಹಿತ್ತಲಿನ ಐದು ಕಡೆ ಅರ್ಧ ಅಡಿ ಆಳದವರೆಗೆ ಮಣ್ಣು ತೆಗೆಯಿರಿ. ಕಲಸಿ, ನೆರಳಿನಲ್ಲಿ ಒಣಗಿಸಿ. ಅದರಲ್ಲಿ ಅರ್ಧ ಕೆ.ಜಿ. ಚೀಲಕ್ಕೆ ತುಂಬಿ. ನಿಮ್ಮ ಹೆಸರು, ಊರು, ದಿಬ್ಬ ಎಷ್ಟು ದೂರ ಎಂಬುದನ್ನು ಚೀಟಿಯಲ್ಲಿ ನೀವೇ ಬರೆದು ಒಳಗೆ ಹಾಕಿ.