ಉರಿಯೂತದ ನೋವು ಹೆಚ್ಚಾಗುವಲ್ಲಿ ಮಿದುಳಿನ ಪಾತ್ರ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕೀಲುನೋವಿನಿಂದ ಬಳಲುತ್ತಿರುವ ನಾಗರಿಕರು ಅಂಗವಿಕಲತೆಯ ಪ್ರಮಾಣಪತ್ರಕ್ಕಾಗಿ, ವೈದ್ಯಕೀಯ ರಜೆಗಾಗಿ ಅಥವಾ ವೈದ್ಯಕೀಯ ವೆಚ್ಚದ ಮರುಪಾವತಿಗಾಗಿ ಸಲ್ಲಿಸುವ ಅರ್ಜಿಗಳಲ್ಲಿ ಒಂದು ಮಾತು ಪದೇ ಪದೇ ಕಂಡುಬರುತ್ತದೆ. ಎಕ್ಸ್-ರೇ ವರದಿಯಲ್ಲಿ ವಿಶೇಷವೇನೂ ಇಲ್ಲ, ಊತವೂ ಇಳಿದಿದೆ, ಆದರೂ ನೋವು ತಡೆಯಲಾಗುತ್ತಿಲ್ಲ ಎಂಬುದೇ ಆ ಮಾತು. ಮನೆಯವರು ಇದನ್ನು ಸೋಗು ಎನ್ನುತ್ತಾರೆ. ಕೆಲವೊಮ್ಮೆ ಕಚೇರಿಗಳಲ್ಲಿಯೂ ಅದೇ ಅನುಮಾನ ವ್ಯಕ್ತವಾಗುತ್ತದೆ. ಈ ಅನುಮಾನವು ಬಹುಪಾಲು ಪ್ರಸಂಗಗಳಲ್ಲಿ ಏಕೆ ತಪ್ಪು ಎಂಬುದನ್ನು ಅರ್ಜಿದಾರರ ಹಾಗೂ ಅವರ ಕುಟುಂಬದವರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ನಮ್ಮ ರಾಜ್ಯದ ಜನತೆಗೆ ಇದರ ಅನುಭವ ಹೊಸದಲ್ಲ. 2006ನೇ ಸಾಲಿನಲ್ಲಿ ಚಿಕೂನ್‌ಗುನ್ಯ ಜ್ವರವು ಕರ್ನಾಟಕದಲ್ಲಿ ವ್ಯಾಪಕವಾಗಿ ಹರಡಿ, ಏಳು ಲಕ್ಷಕ್ಕೂ ಮೀರಿದ ಶಂಕಿತ ಪ್ರಕರಣಗಳು ದಾಖಲಾದವು. ಜ್ವರವು ಕೆಲವೇ ದಿನಗಳಲ್ಲಿ ಬಿಟ್ಟಿತು. ಆದರೆ ಅನೇಕರಿಗೆ ಮಣಿಕಟ್ಟು, ಹಿಮ್ಮಡಿ, ಮೊಣಕಾಲುಗಳ ನೋವು ತಿಂಗಳುಗಟ್ಟಲೆ ಉಳಿಯಿತು; ಬೆಳಗಿನ ಹೊತ್ತು ಬಚ್ಚಲಿನ ಚೊಂಬನ್ನು ಎತ್ತುವುದೂ ಕಷ್ಟವಾಯಿತು. ಆ ರೋಗದ ಹೆಸರು ಆಫ್ರಿಕಾದ ಮಕೊಂಡೆ ಭಾಷೆಯದಾಗಿದ್ದು, ನೋವಿನಿಂದ ಬಾಗಿ ಮುದುಡುವುದು ಎಂಬ ಅರ್ಥವನ್ನು ಹೊಂದಿದೆ.

ಉರಿಯೂತ ಎಂದರೇನು?

ದೇಹದ ಒಂದು ಭಾಗಕ್ಕೆ ಪೆಟ್ಟು ಬಿದ್ದಾಗ, ಸೋಂಕು ತಗುಲಿದಾಗ, ಅಥವಾ ಆಮವಾತದಲ್ಲಿ ಆಗುವಂತೆ ದೇಹದ ರಕ್ಷಣಾ ವ್ಯವಸ್ಥೆಯು ತನ್ನದೇ ಕೀಲುಗಳ ಮೇಲೆ ತಿರುಗಿಬಿದ್ದಾಗ ಆ ಭಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ ಮತ್ತು ನೋಯುತ್ತದೆ. ಈ ನಾಲ್ಕು ಲಕ್ಷಣಗಳನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ಸೆಲ್ಸಸ್ ಎಂಬ ಗ್ರಂಥಕಾರನು ದಾಖಲಿಸಿದ್ದಾನೆ. ಮೊದಲ ಮೂರನ್ನು ಹೊರಗಿನವರು ಕಂಡು, ಮುಟ್ಟಿ ತಿಳಿಯಬಹುದು. ನಾಲ್ಕನೆಯದು ಅನುಭವಿಸುವವರಿಗೆ ಮಾತ್ರ ಗೊತ್ತು. ತೊಡಕು ಆರಂಭವಾಗುವುದು ಇಲ್ಲಿಯೇ.

ಉರಿಯೂತವಾದ ಜಾಗದಲ್ಲಿ ಪ್ರೊಸ್ಟಗ್ಲಾಂಡಿನ್, ಬ್ರಾಡಿಕೈನಿನ್ ಮುಂತಾದ ರಾಸಾಯನಿಕಗಳೂ ಸೈಟೊಕೈನ್‌ಗಳೆಂಬ ಪ್ರೋಟೀನುಗಳೂ ಬಿಡುಗಡೆಯಾಗುತ್ತವೆ. ಇವು ಅಲ್ಲಿನ ನರತುದಿಗಳನ್ನು ಅತಿ ಸೂಕ್ಷ್ಮವಾಗಿಸುತ್ತವೆ. ಸಾಮಾನ್ಯವಾಗಿ 43 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖಕ್ಕೆ ಎಚ್ಚೆತ್ತುಕೊಳ್ಳುವ ಟಿಆರ್‌ಪಿವಿ1 ಎಂಬ ಗ್ರಾಹಕವು ಆಗ ಅದಕ್ಕಿಂತ ಕಡಿಮೆ ಶಾಖಕ್ಕೇ ಸಂಕೇತ ಕಳುಹಿಸತೊಡಗುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರು 2021ರ ನೊಬೆಲ್ ಪ್ರಶಸ್ತಿಗೆ ಭಾಜನರಾದರು. ಆಸ್ಪಿರಿನ್ ಜಾತಿಯ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಯಾರಾಗದಂತೆ ತಡೆಯುತ್ತವೆ ಎಂಬುದನ್ನು ಜಾನ್ ವೇನ್ ಅವರು 1971ರಲ್ಲಿ ತೋರಿಸಿಕೊಟ್ಟರು.

ಇಷ್ಟೇ ಆಗಿದ್ದರೆ ಊತ ಇಳಿದ ದಿನವೇ ನೋವೂ ಇಳಿಯಬೇಕಾಗಿತ್ತು.

ಬೆನ್ನುಹುರಿಯಲ್ಲಿ ನಡೆಯುವ ಬದಲಾವಣೆ

ಉಗುರುಸುತ್ತು ಆದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಕೀವು ಕಟ್ಟಿರುವುದು ಉಗುರಿನ ಬದಿಯಲ್ಲಿ ಮಾತ್ರ. ಆದರೆ ಅದರ ಸುತ್ತಲಿನ ಕೆಂಪಾಗದ ಚರ್ಮಕ್ಕೂ ಬಟ್ಟೆಯ ಅಂಚು ಸೋಕಿದರೆ ಜೀವ ಹೋದಂತಾಗುತ್ತದೆ. ಅಲ್ಲಿನ ಚರ್ಮಕ್ಕೆ ಯಾವ ಹಾನಿಯೂ ಆಗಿರುವುದಿಲ್ಲ. ಬದಲಾಗಿರುವುದು ಸಂಕೇತವನ್ನು ಸ್ವೀಕರಿಸುವ ಕೇಂದ್ರ.

ಲಂಡನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಕ್ಲಿಫರ್ಡ್ ವುಲ್ಫ್ ಅವರು 1983ರಲ್ಲಿ ಪ್ರಕಟಿಸಿದ ಪ್ರಯೋಗವು ಇದನ್ನು ಸ್ಪಷ್ಟಪಡಿಸಿತು. ಇಲಿಗಳ ಪಾದಕ್ಕೆ ಗಾಯವಾದ ನಂತರ ಅವುಗಳ ಬೆನ್ನುಹುರಿಯ ಪ್ರತಿಕ್ರಿಯೆ ಹೆಚ್ಚಿತು. ಗಾಯದ ಜಾಗವನ್ನು ಅರಿವಳಿಕೆಯಿಂದ ಮರಗಟ್ಟಿಸಿದ ಮೇಲೂ ಆ ಹೆಚ್ಚಳ ಉಳಿದುಕೊಂಡಿತು. ಅಂದರೆ ಕೆಳಗಿನಿಂದ ಬರುವ ದೂರು ನಿಂತರೂ ಮೇಲಿನ ಕಚೇರಿಯಲ್ಲಿ ಕಡತ ಮುಕ್ತಾಯವಾಗಿರಲಿಲ್ಲ. ಈ ಸ್ಥಿತಿಯನ್ನು ಕೇಂದ್ರೀಯ ಸಂವೇದನಾ ವೃದ್ಧಿ ಎನ್ನಬಹುದು.

2001ರಲ್ಲಿ ಇದೇ ವುಲ್ಫ್ ಅವರ ತಂಡ ಮತ್ತೊಂದು ಅಂಶವನ್ನು ಪ್ರಕಟಿಸಿತು. ಇಲಿಯ ಒಂದು ಪಾದದಲ್ಲಿ ಉರಿಯೂತವಾದಾಗ, ಪ್ರೊಸ್ಟಗ್ಲಾಂಡಿನ್ ತಯಾರಿಸುವ ಕಾಕ್ಸ್-2 ಎಂಬ ಕಿಣ್ವವು ಬೆನ್ನುಹುರಿಯಲ್ಲಿಯೂ ಮಿದುಳಿನಲ್ಲಿಯೂ ಹೆಚ್ಚಾಯಿತು. ಆ ಕಾಲಿನ ನರವನ್ನು ತಡೆಗಟ್ಟಿದರೂ ಹೆಚ್ಚಳ ಪೂರ್ತಿಯಾಗಿ ನಿಲ್ಲಲಿಲ್ಲ. ಉರಿಯೂತದ ಸುದ್ದಿಯು ನರದ ಮೂಲಕವಷ್ಟೇ ಅಲ್ಲದೆ ರಕ್ತದ ಮೂಲಕವೂ ಮಿದುಳನ್ನು ತಲುಪುತ್ತದೆ ಎಂಬುದು ಇದರಿಂದ ತಿಳಿದುಬಂದಿತು. ಜ್ವರ ಬಂದಾಗ ಪೆಟ್ಟೇ ಬೀಳದ ಮೈಕೈಯೆಲ್ಲ ನೋಯುವುದನ್ನು, ಊಟ ಸೇರದೆ ಕಂಬಳಿ ಹೊದ್ದು ಮೂಲೆ ಸೇರಬೇಕೆನಿಸುವುದನ್ನು ಈ ಹಿನ್ನೆಲೆಯಲ್ಲಿ ಅರ್ಥ ಮಾಡಿಕೊಳ್ಳಬಹುದು.

ಮಿದುಳಿನಿಂದ ಕೆಳಗಿಳಿಯುವ ಆದೇಶಗಳು

ಸಾರ್ವಜನಿಕರಿಗೆ ಅತಿ ಕಡಿಮೆ ಪರಿಚಿತವಾಗಿರುವ ವಿಷಯವಿದು. ನೋವಿನ ಸಂಕೇತವು ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುವುದಿಲ್ಲ. ಮಿದುಳಿನಿಂದಲೂ ಬೆನ್ನುಹುರಿಗೆ ಆದೇಶಗಳು ಬರುತ್ತವೆ. ಮಿದುಳಕಾಂಡದ ಕೆಲವು ನರಕೋಶಗಳು ಬೆನ್ನುಹುರಿಯಲ್ಲಿ ನೋವಿನ ಸಂಕೇತವನ್ನು ಅಡಗಿಸುತ್ತವೆ, ಕೆಲವು ಅದನ್ನು ಹೆಚ್ಚಿಸುತ್ತವೆ. ಬೆನ್ನುಹುರಿಯಲ್ಲಿ ನೋವಿಗೊಂದು ದ್ವಾರವಿದ್ದು, ಅದನ್ನು ತೆರೆಯುವ ಮತ್ತು ಮುಚ್ಚುವ ವ್ಯವಸ್ಥೆಯಿದೆ ಎಂದು ಮೆಲ್ಜಾಕ್ ಮತ್ತು ವಾಲ್ ಅವರು 1965ರಲ್ಲಿಯೇ ಪ್ರತಿಪಾದಿಸಿದ್ದರು. 1969ರಲ್ಲಿ ರೆನಾಲ್ಡ್ಸ್ ಅವರು ಇಲಿಗಳ ಮಿದುಳಿನ ಒಂದು ನಿರ್ದಿಷ್ಟ ಭಾಗಕ್ಕೆ ವಿದ್ಯುತ್ ಪ್ರಚೋದನೆ ನೀಡಿ, ಬೇರೆ ಅರಿವಳಿಕೆಯಿಲ್ಲದೆ ಶಸ್ತ್ರಕ್ರಿಯೆ ನಡೆಸಲು ಸಾಧ್ಯವೆಂದು ತೋರಿಸಿದರು. ಮಿದುಳು ತಾನೇ ತಯಾರಿಸುವ ಅಫೀಮಿನಂತಹ ವಸ್ತುಗಳು 1975ರಲ್ಲಿ ಪತ್ತೆಯಾದವು.

ಉರಿಯೂತವಿರುವಾಗ ಅಡಗಿಸುವ ಆದೇಶ, ಹೆಚ್ಚಿಸುವ ಆದೇಶ ಎರಡೂ ಚುರುಕಾಗುತ್ತವೆ. ನೋವು ಎಷ್ಟಿರಬೇಕೆಂಬುದನ್ನು ಬಹುಮಟ್ಟಿಗೆ ಅವುಗಳ ನಡುವಿನ ಶಿಲ್ಕು ನಿರ್ಧರಿಸುತ್ತದೆ. ವಾಣಿಜ್ಯ ಓದಿದವರಿಗೆ ಇದು ಜಮಾ-ಖರ್ಚಿನಂತೆ ಕಂಡರೆ ಅದು ಪೂರ್ತಿ ತಪ್ಪಲ್ಲ. ನಿದ್ರೆಗೆಟ್ಟರೆ, ಭಯ ಮತ್ತು ಚಿಂತೆ ಕಾಡಿದರೆ ಹೆಚ್ಚಿಸುವ ಕಡೆಯ ಬಾಬ್ತು ಬೆಳೆಯುತ್ತದೆ. ಮಗಳ ಮದುವೆಯ ದಿನ ಮರೆತಿದ್ದ ಮೊಣಕಾಲು ಮರುದಿನ ರಾತ್ರಿ ಒಂಟಿಯಾಗಿ ಮಲಗಿದಾಗ ನೋಯುವುದು ಇದರಿಂದಲೇ ಹೊರತು ಆ ಹೆಣ್ಣುಮಗಳ ಮಾತು ಸುಳ್ಳಾದ್ದರಿಂದಲ್ಲ.

ಈ ಎಲ್ಲವುಗಳಲ್ಲಿ ಗಮನಾರ್ಹವಾದದ್ದು 2011ರಲ್ಲಿ ಜರ್ಮನಿಯ ಸಂಶೋಧಕರು ಪ್ರಕಟಿಸಿದ ಅಧ್ಯಯನ. ಆಮವಾತದ ರೋಗಿಗಳಿಗೆ ಟಿಎನ್‌ಎಫ್ ಎಂಬ ಸೈಟೊಕೈನನ್ನು ತಡೆಯುವ ಔಷಧ ನೀಡಿ, ನೋಯುವ ಬೆರಳಿನ ಕೀಲನ್ನು ಒತ್ತುತ್ತ, ಎಂಆರ್‌ಐ ಯಂತ್ರದಿಂದ ಅವರ ಮಿದುಳಿನ ಚಟುವಟಿಕೆಯನ್ನು ನೋಡಲಾಯಿತು. 24 ಗಂಟೆಗಳೊಳಗೆ ಮಿದುಳಿನಲ್ಲಿ ನೋವಿನ ಚಟುವಟಿಕೆ ತಗ್ಗಿತು. ಕೀಲಿನ ಊತವಾಗಲಿ ರಕ್ತಪರೀಕ್ಷೆಯ ಅಂಕಿಗಳಾಗಲಿ ಆ ವೇಳೆಗೆ ಇನ್ನೂ ಇಳಿದಿರಲಿಲ್ಲ. ಅಧ್ಯಯನಕ್ಕೆ ಒಳಪಟ್ಟವರ ಸಂಖ್ಯೆ ಚಿಕ್ಕದು. ಆದರೂ ಊತದ ಅಳತೆಯೇ ನೋವಿನ ಅಳತೆಯಲ್ಲ ಎಂಬುದಕ್ಕೆ ಇದು ನೇರವಾದ ನಿದರ್ಶನ.

ಚಿಕಿತ್ಸೆ ಪಡೆಯುವವರು ಗಮನಿಸಬೇಕಾದುದು

ಕೀಲುನೋವಿಗೆ ಹೋದ ರೋಗಿಗಳಿಗೆ ವೈದ್ಯರು ಕೆಲವೊಮ್ಮೆ ಅಮಿಟ್ರಿಪ್ಟಿಲಿನ್ ಅಥವಾ ಡುಲೊಕ್ಸೆಟಿನ್ ಬರೆದುಕೊಡುತ್ತಾರೆ. ಔಷಧಿ ಅಂಗಡಿಯಲ್ಲಿ ಅವು ಖಿನ್ನತೆಯ ಮಾತ್ರೆಗಳೆಂದು ತಿಳಿದು, ತಮ್ಮನ್ನು ಮಾನಸಿಕ ರೋಗಿಯೆಂದು ಭಾವಿಸಲಾಗಿದೆ ಎಂದು ನೊಂದುಕೊಂಡು ಮಾತ್ರೆಯನ್ನು ಬಿಸಾಡಿದವರುಂಟು. ಆ ಮಾತ್ರೆಗಳು ಮಿದುಳಿನಿಂದ ಕೆಳಗಿಳಿಯುವ, ನೋವನ್ನು ಅಡಗಿಸುವ ಆದೇಶವನ್ನು ಬಲಪಡಿಸುತ್ತವೆ. ಅವುಗಳನ್ನು ನೋವಿಗೆಂದೇ ನೀಡಲಾಗಿರುತ್ತದೆ. ಸಂದೇಹವಿದ್ದಲ್ಲಿ ವೈದ್ಯರನ್ನೇ ಕೇಳತಕ್ಕದ್ದು, ತಾವಾಗಿಯೇ ನಿಲ್ಲಿಸಕೂಡದು. ವೈದ್ಯರ ಸಲಹೆಯಂತೆ ಮಾಡುವ ಲಘು ವ್ಯಾಯಾಮ ಮತ್ತು ನಿದ್ರೆಯ ಸುಧಾರಣೆಯೂ ಚಿಕಿತ್ಸೆಯ ಭಾಗವೇ ಆಗಿವೆ.

ಹಾಗೆಂದು ಉರಿಯೂತವನ್ನು ಕಡೆಗಣಿಸುವಂತಿಲ್ಲ. ಆಮವಾತಕ್ಕೆ ಸಕಾಲದಲ್ಲಿ ಚಿಕಿತ್ಸೆ ದೊರೆಯದಿದ್ದರೆ ಕೀಲು ಶಾಶ್ವತವಾಗಿ ಕೆಡುತ್ತದೆ. ಜ್ವರದೊಂದಿಗೆ ಕೀಲುನೋವು ಬಂದಾಗ, ಡೆಂಗೆ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ಸೇವಿಸಬಾರದು, ರಕ್ತಸ್ರಾವದ ಅಪಾಯವಿದೆ. ಉರಿಯೂತ ಶಮನದ ಮಾತ್ರೆಗಳನ್ನು ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗುವುದರಿಂದ ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿಯಾಗಬಹುದು.

ಅರ್ಜಿದಾರರಿಗೆ ಸೂಚನೆ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಅನ್ವಯ ಹಲವು ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ಅಂಗವಿಕಲತೆ ಇರಬೇಕಾಗುತ್ತದೆ. ಕೈಕಾಲುಗಳ ವಿಷಯದಲ್ಲಿ ಮೌಲ್ಯಮಾಪನವು ಮುಖ್ಯವಾಗಿ ಕೀಲಿನ ಚಲನೆ, ಸ್ನಾಯುಬಲ ಮತ್ತು ಕೆಲಸ ಮಾಡುವ ಸಾಮರ್ಥ್ಯವನ್ನು ಆಧರಿಸಿರುತ್ತದೆ. ನೋವನ್ನು ಅಳೆಯುವ ಯಂತ್ರವಿಲ್ಲ. ಸೊನ್ನೆಯಿಂದ ಹತ್ತರವರೆಗೆ ಎಷ್ಟು ಎಂದು ರೋಗಿಯನ್ನೇ ಕೇಳಬೇಕಾಗುತ್ತದೆ. ಆದುದರಿಂದ ಬಹಳ ನೋವಿದೆ ಎಂದಷ್ಟೇ ಹೇಳದೆ, ನೋವಿನಿಂದ ಯಾವ ಕೆಲಸ ನಿಂತಿದೆ ಎಂಬುದನ್ನು ವೈದ್ಯರಿಗೆ ವಿವರವಾಗಿ ತಿಳಿಸುವುದು ಸೂಕ್ತ: ಎಷ್ಟು ಮೆಟ್ಟಿಲು ಹತ್ತಲಾಗುತ್ತದೆ, ನೆಲದ ಮೇಲೆ ಕುಳಿತು ಏಳಲಾಗುತ್ತದೆಯೇ, ಕೊಡ ಎತ್ತಲಾಗುತ್ತದೆಯೇ, ಎಷ್ಟು ತಿಂಗಳಿನಿಂದ ಹೀಗಿದೆ. ಮೂರು ತಿಂಗಳಿಗೂ ಮೀರಿ ಉಳಿದ ನೋವನ್ನು ದೀರ್ಘಕಾಲೀನ ನೋವೆಂದು ಪರಿಗಣಿಸಲಾಗುತ್ತದೆ. ಹಳೆಯ ಚಿಕಿತ್ಸಾ ಚೀಟಿಗಳನ್ನೂ ವರದಿಗಳನ್ನೂ, ಅವು ಸಹಜವಾಗಿವೆ ಎಂದು ಬರೆದಿದ್ದರೂ ಸಹ, ದಿನಾಂಕದ ಕ್ರಮದಲ್ಲಿ ಜೋಡಿಸಿ ತಪಾಸಣೆಯ ದಿನ ತಪ್ಪದೆ ತರಬೇಕಾಗಿ ಕೋರಲಾಗಿದೆ.