ಸಿರಿವಂತರ ಕಾರಿನ ಪ್ಲಾಸ್ಟಿಕ್ ಕೊಳವೆ

ಸ್ಪೋರ್ಟ್ಸ್ ಕಾರುಗಳಿಗೆ ಹೆಸರಾದ ಜರ್ಮನಿಯ ಪೋರ್ಷೆ ಕಂಪನಿ 2002ರಲ್ಲಿ 'ಕಯೆನ್' ಎಂಬ ಐಷಾರಾಮಿ ವಾಹನವನ್ನು ರಸ್ತೆಗಿಳಿಸಿತು. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ, ಎರಡು ಟನ್ನಿಗೂ ಹೆಚ್ಚು ತೂಗುವ ಗಾಡಿ ಇದು. ಪೋರ್ಷೆಯಿಂದ ಇಂಥ ದಢೂತಿ ವಾಹನವೇ ಎಂದು ಮೂಗು ಮುರಿದವರಿದ್ದರು. ಗಾಡಿ ಮಾತ್ರ ಚೆನ್ನಾಗಿ ಮಾರಾಟವಾಯಿತು. ಇದರ 4.5 ಲೀಟರ್ ಎಂಜಿನ್ 'ಎಸ್' ಮಾದರಿಯಲ್ಲಿ 340 ಅಶ್ವಶಕ್ತಿ, ಟರ್ಬೊ ಮಾದರಿಯಲ್ಲಿ 450 ಅಶ್ವಶಕ್ತಿ ನೀಡುತ್ತಿತ್ತು. ಆದರೆ ಕೆಲವೇ ವರ್ಷಗಳಲ್ಲಿ ಮಾಲೀಕರ ದೂರುಗಳಲ್ಲಿ ಎರಡು ಸಾಮಾನ್ಯ ವಸ್ತುಗಳು ಪದೇ ಪದೇ ಕಾಣಿಸಿಕೊಂಡವು: ಒಂದು ಪ್ಲಾಸ್ಟಿಕ್ ಕೊಳವೆ, ಇನ್ನೊಂದು ರಬ್ಬರ್ ಬಳೆ.

ಮೊದಲು ಕೊಳವೆಯ ಕಥೆ. ಈ ಎಂಜಿನ್ನಿನ ಎಂಟು ಸಿಲಿಂಡರುಗಳು ನಾಲ್ಕು ನಾಲ್ಕರಂತೆ ಎರಡು ಸಾಲಾಗಿ, ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ನಿಂತಿವೆ. ಎಂಜಿನ್ನನ್ನು ತಂಪಾಗಿಡುವ ದ್ರವ ಸಾಗುವ ಪ್ಲಾಸ್ಟಿಕ್ ಪೈಪುಗಳನ್ನು ಆ ಎರಡು ಸಾಲುಗಳ ನಡುವಿನ ಕಣಿವೆಯಲ್ಲಿ ಕೂರಿಸಲಾಗಿತ್ತು. ಇಕ್ಕೆಲದಲ್ಲೂ ಕಾದ ಲೋಹ, ಗಾಳಿಯಾಡಲು ಜಾಗವಿಲ್ಲ. ಎಂಜಿನ್ ನಿಲ್ಲಿಸಿದರೆ ತಣ್ಣಗಾಗುತ್ತದೆ ಎಂದುಕೊಳ್ಳಬೇಡಿ. ದ್ರವದ ಓಟ ನಿಲ್ಲುವುದರಿಂದ ಕಣಿವೆಯ ಬಿಸಿ ಸ್ವಲ್ಪ ಹೊತ್ತು ಏರುತ್ತಲೇ ಇರುತ್ತದೆ. ಒಲೆ ಆರಿಸಿದ ಮೇಲೂ ದಪ್ಪ ತಳದ ಪಾತ್ರೆಯಲ್ಲಿ ಹಾಲು ಉಕ್ಕುವುದಿಲ್ಲವೇ, ಹಾಗೆ.

ಹೀಗೆ ಸಾವಿರಾರು ಸಲ ಕಾದು ಆರಿದಾಗ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳು ತುಂಡಾಗುತ್ತವೆ. ಬಿಸಿಲಲ್ಲಿ ಬಿಟ್ಟ ಹಳೆಯ ಬಕೆಟ್ಟು ಒಂದು ದಿನ ಹಪ್ಪಳದಂತೆ ಮುರಿಯುವುದೂ ಹೀಗೆಯೇ. ಅಲ್ಲಿ ಕಾರಣ ಮುಖ್ಯವಾಗಿ ಸೂರ್ಯನ ಅತಿನೇರಳೆ ಕಿರಣ, ಇಲ್ಲಿ ಬಿಸಿ. ಬಕೆಟ್ಟು ಒಡೆದರೆ ಹೊಸದು ತಂದರಾಯಿತು. ಇಲ್ಲಿ ದ್ರವ ಒತ್ತಡದಲ್ಲಿರುತ್ತದೆ. ಬಿರುಕು ಬಿಟ್ಟೊಡನೆ ಹೊರಚಿಮ್ಮಿ, ಅದೇ ಕಣಿವೆಯಲ್ಲಿರುವ ಸ್ಟಾರ್ಟರ್ ಮೋಟಾರನ್ನೂ ತೋಯಿಸುತ್ತದೆ. ಚಾಲಕ ಗಮನಿಸದೆ ಗಾಡಿ ಓಡಿಸಿದರೆ ಎಂಜಿನ್ನೇ ಸುಟ್ಟುಹೋಗಬಹುದು. ಪೈಪು ಬದಲಿಸಲು ಮೇಲಿನ ಭಾಗಗಳನ್ನೆಲ್ಲ ಬಿಚ್ಚಬೇಕು. ಹೀಗಾಗಿ ಪೈಪಿನ ಬೆಲೆಗಿಂತ ಕೂಲಿಯದೇ ಭಾರ.

ಬದಲಿ ಪೈಪುಗಳನ್ನು ಕಂಪನಿ ಅಲ್ಯೂಮಿನಿಯಂನಲ್ಲಿ ಒದಗಿಸಿತು. "ಈಗ ಹೊಂದುವ ಲೋಹ ಮೊದಲೇ ಏಕೆ ಹೊಂದಲಿಲ್ಲ?" ಎಂಬುದು ಮಾಲೀಕರ ಪ್ರಶ್ನೆ. ಅಮೆರಿಕದಲ್ಲಿ ವಾರಂಟಿ ಇದ್ದದ್ದು 4 ವರ್ಷ ಅಥವಾ 50,000 ಮೈಲಿ. ಅದು ಮುಗಿದ ಮೇಲೆ ಪೈಪು ಒಡೆದರೆ ಖರ್ಚು ಗ್ರಾಹಕನದೇ. ಬ್ರೇಕ್ ಪ್ಯಾಡ್ ಸವೆಯುವುದು ಸಹಜ. ಎಂಜಿನ್ನಿನ ಹೊಟ್ಟೆಯೊಳಗಿನ ಪೈಪನ್ನೂ ಅದೇ ಸಾಲಿಗೆ ಸೇರಿಸುವುದು ನ್ಯಾಯವಲ್ಲ. ಮಾಲೀಕರು ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆಗಳನ್ನು ಒಹಾಯೊ ರಾಜ್ಯದ ಫೆಡರಲ್ ನ್ಯಾಯಾಲಯದಲ್ಲಿ ಒಟ್ಟುಗೂಡಿಸಲಾಯಿತು. ಕಂಪನಿ ತಪ್ಪೊಪ್ಪಿಕೊಳ್ಳಲಿಲ್ಲ, ಆದರೆ ರಿಪೇರಿ ವೆಚ್ಚದ ಒಂದು ಪಾಲನ್ನು ಮರಳಿಸಲು ಒಪ್ಪಿತು. 2014ರಲ್ಲಿ ಒಪ್ಪಂದಕ್ಕೆ ನ್ಯಾಯಾಲಯದ ಮುದ್ರೆ ಬಿತ್ತು.

ರಬ್ಬರ್ ಬಳೆಯ ಕಥೆ ಇನ್ನೂ ಸ್ವಾರಸ್ಯಕರ. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್ ನಡುವೆ ಒಂದು ಬೇರಿಂಗಿನ ಮೇಲೆ ತಿರುಗುತ್ತದೆ. ಅದುರು ಗಾಡಿಗೆ ಮುಟ್ಟದಂತೆ ಬೇರಿಂಗಿನ ಸುತ್ತ ರಬ್ಬರ್ ಇದೆ. ರಬ್ಬರ್ ಹರಿದರೆ ಶಾಫ್ಟ್ ನೆಲೆತಪ್ಪಿ, ಸೀಟಿನ ಕೆಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ದಡಬಡ ಸದ್ದು. (ಇದೇ ತಳಹದಿಯ ಮೇಲೆ ರೂಪುಗೊಂಡ ಫೋಕ್ಸ್‌ವ್ಯಾಗನ್ ಟುವಾರೆಗ್‌ನಲ್ಲೂ ಇದೇ ಕಾಟ.) ಕಂಪನಿಯಲ್ಲಿ ಬೇರಿಂಗ್ ಬಿಡಿಯಾಗಿ ಸಿಗುತ್ತಿರಲಿಲ್ಲ. ಹರಿದದ್ದು ಅಂಗೈಯಗಲದ ರಬ್ಬರಾದರೂ ಇಡೀ ಶಾಫ್ಟನ್ನೇ ಕೊಳ್ಳಬೇಕು!

ಮಾಲೀಕರು ಸುಮ್ಮನೆ ಕೂರಲಿಲ್ಲ. ರಬ್ಬರ್ ಹೋಸ್‌ಪೈಪಿನ ತುಂಡುಗಳನ್ನು ಬೇರಿಂಗ್ ಮತ್ತು ಅದರ ಹಿಡಿಕೆಯ ನಡುವಿನ ಸಂದಿಗೆ ತುರುಕಿ, ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿದರು. ನಮ್ಮ ಗ್ಯಾರೇಜಿನ ಹುಡುಗರು ಮೆಚ್ಚಿಕೊಳ್ಳುವಂಥ ಉಪಾಯ. ಹೀಗೆ ಸರಿಮಾಡಿಕೊಂಡು ಸಾವಿರಾರು ಮೈಲಿ ಓಡಿಸಿದವರಿದ್ದಾರೆ. ಮುಂದೆ ಬೇರೆ ತಯಾರಕರು ಬೇರಿಂಗನ್ನಷ್ಟೇ ಮಾಡಿ ಮಾರತೊಡಗಿದರು.

ಮೊದಲ ಪೀಳಿಗೆಯ ಕಯೆನ್‌ಗಳು ಈಗ ಕೈಯಿಂದ ಕೈಗೆ ಅಗ್ಗದಲ್ಲಿ ದಾಟುತ್ತಿವೆ. ಬಲ್ಲವರು ಬಣ್ಣ, ಸೀಟಿನ ಚರ್ಮ ನೋಡುವ ಮೊದಲು ಅಲ್ಯೂಮಿನಿಯಂ ಪೈಪು ಹಾಕಿಸಿದ ರಸೀದಿ ಕೇಳುತ್ತಾರೆ. ಆಮೇಲೆ ಕಿಟಕಿ ಏರಿಸಿ, ರೇಡಿಯೊ ಆರಿಸಿ, ಗಾಡಿ ಹೊರಟಾಗ ಸೀಟಿನ ಕೆಳಗೆ ಸದ್ದುಂಟೇ ಎಂದು ಕಿವಿಗೊಡುತ್ತಾರೆ.